ಕಿವಿಗೆ ಒಪ್ಪುವ ಯಂತ್ರ

ಬಾನುಲಿಯಲ್ಲಿ ಕುಳಿತು ಕಿವುಡಿನ ವಿಚಾರ ಮಾತನಾಡುವುದರಲ್ಲಿ ಒಂದು ವಿನೋದವಿದೆ. ಈ ಮಾತು ಯಾರಿಗೆ ಅತ್ಯಗತ್ಯವೋ ಅವರಿಗೇ ಇದು ಸರಿಯಾಗಿ ಕೇಳಿಸಲಾರದು. ಆದ್ದರಿಂದ ನನ್ನ ಮಾತು ಮುಖ್ಯವಾಗಿ ಅವರ ಪಕ್ಕದಲ್ಲಿ ಕುಳಿತವರಿಗೆ: ರೇಡಿಯೋದ ಸದ್ದು ತಗ್ಗಿಸಲು ಕೈಚಾಚಿ, ಮನಸ್ಸು ಬಾರದೆ ಕೈ ಹಿಂದೆಗೆದ ಮಗನಿಗೆ, 'ಮಾವಾ' ಎಂದು ಮೂರು ಸಲ ಕರೆದು ನಾಲ್ಕನೆಯ ಸಲ ಸುಮ್ಮನಾದ ಸೊಸೆಗೆ, ತಾತನಿಗೆ ಕಥೆ ಹೇಳಹೊರಟು ಅರ್ಧಕ್ಕೇ ಬಿಟ್ಟು ಓಡಿದ ಮೊಮ್ಮಗುವಿಗೆ. ಅವರು ಕೇಳಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ತಿಳಿಹೇಳಿದರೆ ಈ ಮಾತು ಮುಟ್ಟಬೇಕಾದ ಕಡೆಗೆ ಮುಟ್ಟೀತು.

ನಾನು ವೈದ್ಯನಲ್ಲ, ಶ್ರವಣಶಾಸ್ತ್ರ ಓದಿದವನೂ ಅಲ್ಲ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕಳೆದ ಆರು ವರ್ಷಗಳಿಂದ ಎರಡು ಕಿವಿಗಳಿಗೂ ಶ್ರವಣಯಂತ್ರ ಧರಿಸುತ್ತಿದ್ದೇನೆ. ಅದನ್ನು ಕಂಡವರು, ನೆಂಟರು, ಹಳೆಯ ವಿದ್ಯಾರ್ಥಿಗಳು, ಅವರ ತಂದೆತಾಯಿಗಳು, 'ಮೇಷ್ಟ್ರೇ, ಯಾವ ಯಂತ್ರ ಕೊಂಡರೆ ಒಳ್ಳೆಯದು?' ಎಂದು ಕೇಳುತ್ತಾರೆ. ಉತ್ತರ ಹೇಳುವ ಮೊದಲೇ ದನಿ ತಗ್ಗಿಸಿ ಎರಡನೆಯ ಪ್ರಶ್ನೆ ಹಾಕುತ್ತಾರೆ: 'ಯಾರ ಕಣ್ಣಿಗೂ ಬೀಳದಂಥದು ಇದೆಯಂತಲ್ಲ, ಅದು ಹೇಗೆ?' ಮೊದಲನೆಯ ಪ್ರಶ್ನೆಗೆ ಉತ್ತರ ಸಿಗದಂತೆ ಮಾಡುವುದು ಈ ಎರಡನೆಯ ಪ್ರಶ್ನೆಯೇ ಎಂಬುದು ನನ್ನ ಅನುಭವ.

ಕಣ್ಣಿಗೆ ಕನ್ನಡಕ ಬಂದರೆ ನಮ್ಮಲ್ಲಿ ಯಾರೂ ನಾಚುವುದಿಲ್ಲ. ಕನ್ನಡಕ ಓದಿದವನ ಲಕ್ಷಣವೆಂದು ಲೋಕ ನಂಬಿದೆ. ಚಿನ್ನದ ಬಣ್ಣದ ಕಟ್ಟು ಹಾಕಿಸಿ ಅದನ್ನು ಆಭರಣವನ್ನಾಗಿಯೂ ಮಾಡಿಕೊಂಡಿದ್ದೇವೆ. ಕಿವಿಗೆ ಈ ಭಾಗ್ಯವಿಲ್ಲ. ಕುರುಡನನ್ನು ಕಂಡರೆ ಮರುಗುವ ನಾವು ಕಿವುಡನನ್ನು ಕಂಡರೆ ನಗುತ್ತೇವೆ. ಹಾಸ್ಯ ನಾಟಕದಲ್ಲಿ ಕಿವುಡನೊಬ್ಬ ರಂಗಕ್ಕೆ ಬಂದರೆ ಸಾಕು. ಕೇಳಿದ್ದೊಂದು, ಹೇಳಿದ್ದೊಂದು ಎಂದು ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಕಿವಿ ಮಂದವಾದವನ ಬುದ್ಧಿಯೂ ಮಂದವೆಂಬ ಭಾವನೆ ಆ ನಗೆಯೊಳಗೆ ಅಡಗಿದೆ. ಅದಕ್ಕೆ ಹೆದರಿದವನು ಯಂತ್ರವನ್ನು ಬಚ್ಚಿಡಬಯಸಿದರೆ ಆಶ್ಚರ್ಯವಿಲ್ಲ. ಆದರೆ ನಾಚಿಕೆ ಒಳ್ಳೆಯ ಸಲಹೆಗಾರನಲ್ಲ. ಬಚ್ಚಿಡುವುದಕ್ಕೆಂದೇ ಆರಿಸಿದ ಯಂತ್ರ ಬಹುಬೇಗ ಮೇಜಿನ ಖಾನೆಯೊಳಗೆ ನಿಜವಾಗಿಯೂ ಬಚ್ಚಿಟ್ಟುಕೊಂಡುಬಿಡುತ್ತದೆ.

ಯಂತ್ರದ ಆಯ್ಕೆ ಅಂಗಡಿಯಲ್ಲಿ ಆರಂಭವಾಗಬಾರದು. ಕಿವಿಯ ವೈದ್ಯರಲ್ಲಿ ಆರಂಭವಾಗಬೇಕು. ಕೆಲವರ ಕಿವುಡು ಬರಿಯ ಗುಗ್ಗೆಯ ಗಡ್ಡೆ. ಅದನ್ನು ತೆಗೆದರೆ ಲೋಕ ಮತ್ತೆ ಮಾತನಾಡುತ್ತದೆ. ಕೆಲವರಿಗೆ ಕಿವಿ ಸೋರುತ್ತಿರುತ್ತದೆ, ತಮಟೆ ತೂತಾಗಿರುತ್ತದೆ. ಅಲ್ಲಿ ಮೊದಲು ಚಿಕಿತ್ಸೆ, ಆಮೇಲೆ ಯಂತ್ರ. ನಿನ್ನೆ ಚೆನ್ನಾಗಿದ್ದ ಕಿವಿ ಇಂದು ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ 'ನಾಳೆ ನೋಡೋಣ' ಎನ್ನದೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಆ ತೊಂದರೆಯಲ್ಲಿ ಕಳೆದ ದಿನಗಳನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಒಂದೇ ಕಿವಿ ಮಂದವಾಗುತ್ತಿದ್ದರೂ, ಜೊತೆಗೆ ತಲೆತಿರುಗುತ್ತಿದ್ದರೂ ಇದೇ ಮಾತು.

ಚಿಕಿತ್ಸೆಯಿಂದ ಸರಿಹೋಗದ ಕಿವುಡೆಂದು ತಿಳಿದ ಮೇಲೆ ಶ್ರವಣತಜ್ಞರು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಒಂದು ನಕ್ಷೆ ಬರೆಯುತ್ತಾರೆ. ಆಡಿಯೋಗ್ರಾಮ್ ಎಂದು ಅದರ ಹೆಸರು. ಸೆಕೆಂಡಿಗೆ 250 ಕಂಪನಗಳ ತಗ್ಗುದನಿಯಿಂದ 8000 ಕಂಪನಗಳ ಕೀರಲು ದನಿಯವರೆಗೆ, ಒಂದೊಂದು ದನಿಯನ್ನೂ ನಾವು ಎಷ್ಟು ಮೆಲ್ಲಗೆ ನುಡಿಸಿದರೆ ಕೇಳಬಲ್ಲೆವು ಎಂಬುದು ಅದರಲ್ಲಿ ಡೆಸಿಬೆಲ್ ಲೆಕ್ಕದಲ್ಲಿ ಮೂಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಶ್ರವಣ ವರದಿಯ ಪ್ರಕಾರ 20 ಡೆಸಿಬೆಲಿನವರೆಗೆ ಕಿವಿ ಆರೋಗ್ಯವಾಗಿದೆಯೆಂದು ಅರ್ಥ. 20ರಿಂದ 35ರವರೆಗೆ ಅಲ್ಪ, 50ರವರೆಗೆ ಮಧ್ಯಮ, 65ರವರೆಗೆ ಮಧ್ಯಮಕ್ಕಿಂತ ಹೆಚ್ಚು, 80ರವರೆಗೆ ತೀವ್ರ, ಅದರಾಚೆ ಅತಿ ತೀವ್ರ. ಜಗತ್ತಿನಲ್ಲಿ 43 ಕೋಟಿ ಜನಕ್ಕೆ ಶ್ರವಣದ ನೆರವು ಬೇಕೆಂದೂ ಅದೇ ವರದಿ ಹೇಳಿತು. ಅಷ್ಟು ಜನರಿಗೆ ಒಂದೇ ಅಳತೆಯ ಅಂಗಿ ಹೊಲಿಸಲಾದೀತೆ?

ನನ್ನ ನಕ್ಷೆ ಗುಡ್ಡದಿಂದ ಇಳಿಯುವ ದಾರಿಯಂತಿದೆ. ತಗ್ಗುದನಿಗಳಲ್ಲಿ ಕಿವಿ ಬಹುಮಟ್ಟಿಗೆ ಸರಿ. ಎತ್ತರದ ದನಿಗಳ ಕಡೆಗೆ ಹೋದಂತೆ ಗೆರೆ ಜಾರುತ್ತ 4000 ಕಂಪನಗಳ ಬಳಿ 60 ಡೆಸಿಬೆಲ್ ದಾಟುತ್ತದೆ. ವಯಸ್ಸಿನ ಕಿವುಡಿನಲ್ಲಿ ಇದು ಸಾಮಾನ್ಯ. ಇದರ ಫಲವೇನೆಂಬುದು ಕನ್ನಡದ ಮೇಷ್ಟ್ರಾಗಿದ್ದ ನನಗೆ ವರ್ಣಮಾಲೆಯಿಂದಲೇ ತಿಳಿಯಿತು. ಸ್ವರಗಳು ತಗ್ಗಿನ ಕಂಪನದವು, ಬಲಶಾಲಿಗಳು. ಮಾತಿನ ಗಟ್ಟಿತನವೆಲ್ಲ ಅವುಗಳದು. ಒಂದು ಮಾತನ್ನು ಇನ್ನೊಂದರಿಂದ ಬೇರೆಮಾಡುವ ಕೆಲಸ ಬಹುಪಾಲು ವ್ಯಂಜನಗಳದು. ಅವುಗಳಲ್ಲಿ ಸ, ಶ, ತ, ಕ, ಪ ಮೊದಲಾದವು ಬರಿಯ ಉಸಿರಿನ ತುಣುಕುಗಳು. ಎತ್ತರದ ಕಂಪನದವು, ಬಡಪಾಯಿಗಳು. ಅವು ಮಾಯವಾದಾಗ ತಟ್ಟೆ, ಕಟ್ಟೆ, ಪಟ್ಟೆ ಮೂರೂ ಒಂದೇ ಆಗುತ್ತವೆ. 'ಹಾಸು' ಎಂದದ್ದು 'ಹಾಕು' ಎಂದಾಗುತ್ತದೆ. 'ನೀವು ಮಾತನಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ' ಎಂದು ಮುದುಕರು ಹೇಳಿದರೆ ಅದು ಹಟವಲ್ಲ, ಉದಾಸೀನವಲ್ಲ, ಅಕ್ಷರಶಃ ಸತ್ಯ. ಕೂಗಿ ಹೇಳಿದರೂ ಪ್ರಯೋಜನವಿಲ್ಲ. ಕೂಗಿದಾಗ ಬೆಳೆಯುವುದು ಮುಖ್ಯವಾಗಿ ಸ್ವರಗಳು. ಕಾಣೆಯಾದ ವ್ಯಂಜನಗಳು ಕಾಣೆಯಾಗಿಯೇ ಉಳಿಯುತ್ತವೆ.

ಅಂಚೆಯಲ್ಲಿ ತರಿಸಬಹುದಾದ ಅಗ್ಗದ ಸದ್ದುವರ್ಧಕಗಳಿಗೂ ಶ್ರವಣಯಂತ್ರಕ್ಕೂ ಇರುವ ಅಂತರ ಇಲ್ಲಿದೆ. ಸಾಮಾನ್ಯವಾಗಿ ಅವು ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸುತ್ತವೆ. ಬೇಡದ ಕಡೆ ಅತಿಯಾಗಿ ಏರಿಸಿ ಉಳಿದ ಕಿವಿಯನ್ನೂ ಕೆಡಿಸಬಹುದು. ಸರಿಯಾದ ಯಂತ್ರವನ್ನು ನಮ್ಮ ನಕ್ಷೆಗೆ ತಕ್ಕಂತೆ, ಎಲ್ಲಿ ಹಳ್ಳವಿದೆಯೋ ಅಲ್ಲಿ ಮಣ್ಣು ತುಂಬುವಂತೆ ಹೊಂದಿಸುತ್ತಾರೆ.

ಹಿಂದೆ ಈ ಹೊಂದಿಕೆ ಸಾಧ್ಯವಿರಲಿಲ್ಲ. ಸಂಗೀತಗಾರ ಬೀಥೋವನ್ ಕಿವುಡನಾದಾಗ ಮೆಲ್ಜೆಲ್ ಎಂಬ ಯಂತ್ರಶಿಲ್ಪಿ ಅವನಿಗೆ ಲೋಹದ ಕಹಳೆಗಳನ್ನು ಮಾಡಿಕೊಟ್ಟನು. ಕಹಳೆಯ ಕಿರಿಬಾಯಿಯನ್ನು ಕಿವಿಗಿಟ್ಟು ಅಗಲಬಾಯಿಯನ್ನು ಮಾತಿನ ಕಡೆ ಹಿಡಿಯಬೇಕಿತ್ತು. 1947ರಲ್ಲಿ ಟ್ರಾನ್ಸಿಸ್ಟರಿನ ಸಂಶೋಧನೆಯಾಯಿತು. ಮುಂದಿನ ದಶಕದ ಆರಂಭದಲ್ಲೇ ಅದು ಶ್ರವಣಯಂತ್ರವನ್ನು ಹೊಕ್ಕಿತು. 1996ರ ಹೊತ್ತಿಗೆ ಪೂರ್ಣ ಡಿಜಿಟಲ್ ಯಂತ್ರಗಳು ಮಾರುಕಟ್ಟೆಗೆ ಬಂದವು. ಇಂದಿನ ಎಲ್ಲ ಯಂತ್ರಗಳ ಒಳಗೂ ಇರುವುದು ನಾಲ್ಕೇ ಅಂಗ: ಸದ್ದನ್ನು ಹಿಡಿಯುವ ಮೈಕ್, ಅದನ್ನು ತಿದ್ದಿ ಬೆಳೆಸುವ ಭಾಗ, ಕಿವಿಯೊಳಕ್ಕೆ ನುಡಿಸುವ ಪುಟ್ಟ ಸ್ಪೀಕರ್, ಬ್ಯಾಟರಿ. ಈ ನಾಲ್ಕನ್ನು ಎಲ್ಲಿ ಕೂರಿಸಬೇಕು ಎಂಬುದರಿಂದ ಮಾದರಿಗಳು ಹುಟ್ಟಿವೆ.

ಮೊದಲನೆಯದು ಜೇಬಿನ ಯಂತ್ರ. ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ ಎದೆಯ ಮೇಲೆ, ಅಲ್ಲಿಂದ ಕಿವಿಗೆ ತಂತಿ. ಮೈಕ್ ಎದೆಯ ಮೇಲಿರುವುದರಿಂದ ಅಂಗಿ, ಸೆರಗು ಉಜ್ಜಿದ ಸದ್ದೆಲ್ಲ ಕಿವಿಗೆ ಬರುತ್ತದೆ. ದನಿ ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ಆದರೂ ಅದನ್ನು ಹೀನಾಯವಾಗಿ ಕಾಣಬೇಕಿಲ್ಲ. ಬೆಲೆ ಕಡಿಮೆ, ಬ್ಯಾಟರಿ ಎಲ್ಲ ಊರಲ್ಲೂ ಸಿಗುತ್ತದೆ, ತಿರುಪುಗಳು ದೊಡ್ಡವು. ಕೈ ನಡುಗುವವರಿಗೆ, ಹಾಸಿಗೆ ಹಿಡಿದವರಿಗೆ ಇಂದಿಗೂ ಅದು ಆಪ್ತಮಿತ್ರ.

ಎರಡನೆಯದು ಕಿವಿಯ ಹಿಂದೆ ಕೂರುವ ಯಂತ್ರ. ಕೊಕ್ಕೆಯಂತೆ ಕಿವಿಯ ಮೇಲೆ ಸಿಕ್ಕಿಕೊಂಡು, ಒಂದು ನಳಿಕೆಯ ಮೂಲಕ, ಕಿವಿಯ ಆಕಾರಕ್ಕೆ ಎರಕಹೊಯ್ದ ಅಚ್ಚಿನೊಳಕ್ಕೆ ಸದ್ದನ್ನು ಕಳಿಸುತ್ತದೆ. ಅಲ್ಪದಿಂದ ಅತಿ ತೀವ್ರದವರೆಗೆ ಎಲ್ಲ ಬಗೆಯ ಕಿವುಡಿಗೂ ಇದರಲ್ಲಿ ಯಂತ್ರಗಳಿವೆ. ಮಕ್ಕಳಿಗೆ ಇದೇ ಸರಿ: ಮಗುವಿನ ಕಿವಿ ಬೆಳೆಯುತ್ತಿರುತ್ತದೆ, ಆಗಾಗ ಮೆದುವಾದ ಅಚ್ಚನ್ನು ಮಾತ್ರ ಬದಲಿಸಿದರಾಯಿತು.

ಮೂರನೆಯದು ಎರಡನೆಯದರ ತೆಳ್ಳಗಿನ ತಂಗಿ. ಪೆಟ್ಟಿಗೆ ಕಿವಿಯ ಹಿಂದೆಯೇ; ಸ್ಪೀಕರು ಮಾತ್ರ ಕೂದಲೆಳೆಯಂಥ ತಂತಿಯ ತುದಿಯಲ್ಲಿ ಕಿವಿಯ ಕೊಳವೆಯೊಳಗೆ. ತುದಿಗೆ ಸಿಲಿಕೋನಿನ ಪುಟ್ಟ ಟೊಪ್ಪಿಗೆ, ಅದರಲ್ಲಿ ಗಾಳಿಯಾಡುವ ರಂಧ್ರಗಳು. ನಾನು ಧರಿಸಿರುವುದು ಇದನ್ನು. ಕಾರಣ ಸರಳ. ತಗ್ಗುದನಿಗಳು ನನಗೆ ಯಂತ್ರವಿಲ್ಲದೆಯೂ ಕೇಳುತ್ತವೆ. ಅವು ತೆರೆದ ರಂಧ್ರಗಳಿಂದ ಸಹಜವಾಗಿ ಒಳಬರುತ್ತವೆ. ಕಳೆದುಹೋದ ವ್ಯಂಜನಗಳನ್ನಷ್ಟೇ ಯಂತ್ರ ತಂದುಕೊಡುತ್ತದೆ. ಕಿವಿಯನ್ನು ಪೂರ್ತಿ ಮುಚ್ಚಿದ್ದರೆ ನನ್ನದೇ ದನಿ ಕೊಡದೊಳಗೆ ಮಾತನಾಡಿದಂತೆ ಗುಂಯ್‌ಗುಡುತ್ತಿತ್ತು.

ನಾಲ್ಕನೆಯದು ಕಿವಿಯೊಳಗೇ ಕೂರುವ ಬಳಗ. ಹೊರಕಿವಿಯ ಬಟ್ಟಲನ್ನು ತುಂಬುವಂಥದು ಒಂದು, ಕೊಳವೆಯ ಬಾಯಲ್ಲಿ ಕೂರುವಂಥದು ಒಂದು, ಪೂರ್ತಿ ಒಳಗೆ ಅಡಗಿ ಎಳೆದು ತೆಗೆಯಲು ಸಣ್ಣ ಎಳೆಯನ್ನಷ್ಟೇ ಹೊರಬಿಡುವಂಥದು ಮತ್ತೊಂದು. ಎಲ್ಲರೂ ದನಿ ತಗ್ಗಿಸಿ ಕೇಳುವುದು ಈ ಕೊನೆಯದನ್ನೇ.

ಅದರಲ್ಲಿ ಗುಣವಿಲ್ಲವೆಂದಲ್ಲ. ನನ್ನ ಸೋದರಳಿಯನೊಬ್ಬ ದಿನವಿಡೀ ಹೆಲ್ಮೆಟ್ ಹಾಕಿ ತೆಗೆದು ಊರೂರು ಸುತ್ತುವವನು, ಕನ್ನಡಕವೂ ಇದೆ. ಕಿವಿಯ ಹಿಂದೆ ಮೂರನೆಯ ವಸ್ತುವಿಗೆ ಎಡೆಯಿಲ್ಲ. ಅವನ ಕಿವುಡು ಮಧ್ಯಮ, ಕೊಳವೆ ಅಗಲ, ಬೆರಳು ಚುರುಕು. ಅವನಿಗೆ ಒಳಗೆ ಅಡಗುವ ಯಂತ್ರ ಹೇಳಿಮಾಡಿಸಿದಂತಿದೆ. ಮೈಕ್ ಕಿವಿಯೊಳಗೇ ಇರುವುದರಿಂದ ಗಾಳಿಯ ಭೋರ್ಗರೆತ ಕಡಿಮೆ, ಟೆಲಿಫೋನನ್ನು ಎಲ್ಲರಂತೆ ಕಿವಿಗೇ ಹಿಡಿಯಬಹುದು.

ಇದೇ ಯಂತ್ರ ನನ್ನ ಅಕ್ಕನ ಪಾಲಿಗೆ ಏನಾಯಿತೆಂಬುದನ್ನೂ ಹೇಳಬೇಕು. ಅಕ್ಕ ಮಲೆನಾಡಿನ ಹಳ್ಳಿಯಲ್ಲಿರುವಾಕೆ, ಎಂಬತ್ತರ ಹತ್ತಿರದವಳು. ಕಿವುಡು 65 ಡೆಸಿಬೆಲಿಗಿಂತ ಹೆಚ್ಚು. ಬೆರಳುಗಳ ಗೆಣ್ಣು ಸಂಧಿವಾತದಿಂದ ಬಾಗಿವೆ. ಪಟ್ಟಣದಲ್ಲಿರುವ ಮಗ ಪ್ರೀತಿಯಿಂದ, 'ಅಮ್ಮನಿಗೆ ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ಸಣ್ಣದು' ಎಂದು ಬಹಳ ಹಣ ತೆತ್ತು ಒಳಗೆ ಅಡಗುವ ಜೋಡಿಯನ್ನು ಮಾಡಿಸಿಕೊಟ್ಟ. ಅದರ ಬ್ಯಾಟರಿ 10 ಎಂಬ ಸಂಖ್ಯೆಯದು, ಅಗಲ 6 ಮಿಲಿಮೀಟರ್ ಕೂಡ ಇಲ್ಲ, ವಾರದೊಳಗೆ ಬದಲಿಸಬೇಕು. ಅಕ್ಕನಿಗೆ ಬೇಕಾದಷ್ಟು ಸದ್ದನ್ನು ಅಷ್ಟು ಸಣ್ಣ ಪೆಟ್ಟಿಗೆಯಿಂದ ಹೊರಡಿಸಹೋದರೆ, ಹೊರಬಿದ್ದ ಸದ್ದು ಪಕ್ಕದ ಮೈಕಿಗೇ ಮರಳಿ ಯಂತ್ರ ಸಿಳ್ಳೆ ಹಾಕುತ್ತಿತ್ತು. ನಾನು ಹೋದಾಗ ಅಕ್ಕ ಅಂಗೈ ಚಾಚಿ, 'ತಮ್ಮಾ, ಇದು ಕಿವಿಗೆ ಹಾಕುವುದೋ ಒಗ್ಗರಣೆಗೆ ಹಾಕುವುದೋ? ಕೈಗೇ ಸಿಗುವುದಿಲ್ಲವಲ್ಲೋ' ಎಂದಳು. ಆಕೆಯ ಮಾತಿನಲ್ಲಿ ನಗೆಯಿತ್ತು. ಆದರೆ ಆ ಒಂದು ವರ್ಷದಲ್ಲಿ ಆಕೆ ನೆರೆಯವರ ಮನೆಗೆ ಹೋಗುವುದನ್ನು ಬಿಟ್ಟಿದ್ದಳು. ಹಬ್ಬದ ದಿನ ಎಲ್ಲರೂ ಕೂಡಿ ಹರಟುವಾಗ ಅಡಿಗೆಮನೆಯಲ್ಲಿ ಕೆಲಸವಿದೆಯೆಂದು ಎದ್ದುಹೋಗುತ್ತಿದ್ದಳು. ಯಾರೋ ಏನೋ ಕೇಳಿದರೆ 'ಹ್ಞೂಂ' ಎನ್ನುತ್ತಿದ್ದಳು. ಮನೆಯ ಮುಖ್ಯ ವಿಚಾರಗಳನ್ನು ಆಕೆಗೆ ಹೇಳುವುದನ್ನೇ ಮನೆಯವರು ಮರೆಯತೊಡಗಿದ್ದರು. ಕಿವುಡಿನ ನಿಜವಾದ ನಷ್ಟ ಇದು: ಮನುಷ್ಯ ತನ್ನ ಮನೆಯ ಮಾತಿನಿಂದ ಹೊರಬೀಳುತ್ತಾನೆ, ಬಾಗಿಲು ಹಾಕಿದ ಸದ್ದೂ ಅವನಿಗೆ ಕೇಳಿಸುವುದಿಲ್ಲ.

ಈಗ ಅಕ್ಕ ಕಿವಿಯ ಹಿಂದಿನ ಯಂತ್ರ ಧರಿಸುತ್ತಾಳೆ. ಬಿಗಿಯಾದ ಅಚ್ಚು ಇರುವುದರಿಂದ ಸಿಳ್ಳೆಯಿಲ್ಲ. ರಾತ್ರಿ ಡಬ್ಬಿಯಲ್ಲಿಟ್ಟು ವಿದ್ಯುತ್ತಿನಿಂದ ಚಾರ್ಜು ಮಾಡುವ ಬಗೆಯದು ಬಾಗಿದ ಬೆರಳುಗಳಿಗೆ ಬಹಳ ಅನುಕೂಲವೆಂದು ತಜ್ಞರು ಹೇಳಿದರು. ನಿಜ, ಆದರೆ ಆ ಊರಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ. ಆದ್ದರಿಂದ 675 ಸಂಖ್ಯೆಯ, 11 ಮಿಲಿಮೀಟರಿಗಿಂತ ಅಗಲವಾದ, ಬೆರಳಿಗೆ ಸಿಗುವ ಬ್ಯಾಟರಿಯದನ್ನು ಆರಿಸಿದೆವು. ಈ ಬ್ಯಾಟರಿಗಳು ಗಾಳಿಯಿಂದ ಜೀವ ಪಡೆಯುತ್ತವೆ. ಮೇಲಿನ ಅಂಟುಚೀಟಿ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಸಣ್ಣ ಮಕ್ಕಳ ಕೈಗೆ ಇವು ಸಿಗಕೂಡದು, ನುಂಗಿದರೆ ಪ್ರಾಣಾಪಾಯ.

ಹೀಗೆ ಆಯ್ಕೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಕಿವುಡು ಎಷ್ಟು, ಯಾವ ದನಿಗಳಲ್ಲಿ? ಕಿವಿ ಸೋರುತ್ತದೆಯೆ? ಸೋರುವ ಕಿವಿಯ ಕೊಳವೆಯನ್ನು ಮುಚ್ಚುವಂತಿಲ್ಲ. ಅಂಥವರಿಗೆ ಮೂಳೆಯ ಮೂಲಕ ಸದ್ದು ಮುಟ್ಟಿಸುವ ಯಂತ್ರಗಳಿವೆ. ಗುಗ್ಗೆ ಹೆಚ್ಚೆ? ಹಾಗಿದ್ದರೆ ಕೊಳವೆಯೊಳಗೆ ಸ್ಪೀಕರಿರುವ ಯಂತ್ರ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಬೆರಳಿಗೆ ಬಲವಿದೆಯೆ, ಕಣ್ಣಿಗೆ ಸಣ್ಣದು ಕಾಣುತ್ತದೆಯೆ? ಗದ್ದೆಯಲ್ಲಿ ಬೆವರುವವರೋ, ಕರಾವಳಿಯ ಒದ್ದೆ ಹವೆಯವರೋ? ಅವರು ರಾತ್ರಿ ಯಂತ್ರವನ್ನು ತೇವ ಹೀರುವ ಹರಳುಗಳ ಡಬ್ಬಿಯಲ್ಲಿ ಇಡಬೇಕು. ರಿಪೇರಿಗೆ ಎಷ್ಟು ದೂರ ಹೋಗಬೇಕು? ದಿನದಲ್ಲಿ ಯಾರ ಮಾತನ್ನು ಕೇಳಬೇಕಾಗಿದೆ, ಎಲ್ಲಿ? ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋದವನಿಗೆ ಯಂತ್ರ ತಾನಾಗಿಯೇ ಗೊತ್ತಾಗುತ್ತದೆ. ಅತಿ ತೀವ್ರ ಕಿವುಡಿನಲ್ಲಿ ಯಾವ ಯಂತ್ರದಿಂದಲೂ ಮಾತು ತಿಳಿಯದಿದ್ದರೆ, ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಜೋಡಿಸುವ ಕಾಕ್ಲಿಯರ್ ಇಂಪ್ಲಾಂಟ್ ವಿಷಯವನ್ನು ವೈದ್ಯರೊಡನೆ ಚರ್ಚಿಸಬೇಕು.

ಒಂದು ಕಿವಿಗೋ ಎರಡಕ್ಕೋ ಎಂಬುದು ಮತ್ತೊಂದು ಪ್ರಶ್ನೆ. ಎರಡೂ ಮಂದವಾಗಿದ್ದರೆ ಎರಡಕ್ಕೂ ಇರುವುದು ಮೇಲು. ಸದ್ದು ಎತ್ತಲಿನದೆಂದು ಮಿದುಳು ತಿಳಿಯುವುದು ಎರಡು ಕಿವಿಗಳಿಗೆ ಬಂದುದನ್ನು ಹೋಲಿಸಿ. ರಸ್ತೆ ದಾಟುವವನಿಗೆ ಇದು ಜೀವದ ಪ್ರಶ್ನೆ. ಹಣ ಸಾಲದಿದ್ದರೆ ದುಬಾರಿಯಾದ ಒಂದಕ್ಕಿಂತ ಸಾಧಾರಣ ಬೆಲೆಯ ಎರಡು ಅನೇಕರಿಗೆ ಹೆಚ್ಚು ಉಪಯೋಗವಾಗಬಹುದು. ಇದನ್ನು ತಜ್ಞರಲ್ಲಿ ಕೇಳಿ ನಿರ್ಧರಿಸಬೇಕು. ಬಡವರಿಗೆ ಸಾಧನಗಳನ್ನು ನೀಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಲ್ಲಿ ಆರಂಭವಾಯಿತು. ಶ್ರವಣಯಂತ್ರವೂ ಅದರಲ್ಲಿ ಸೇರಿದೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಪರೀಕ್ಷೆಗೂ ಸಲಹೆಗೂ ಇಡೀ ದೇಶ ಅಲ್ಲಿಗೆ ಬರುವಾಗ, ಕನ್ನಡಿಗರಾದ ನಾವು ಕಿವಿ ಮುಚ್ಚಿಕೊಂಡು ಮನೆಯಲ್ಲಿ ಕುಳಿತಿರಬೇಕಿಲ್ಲ.

ಆರಿಸಿದ ಯಂತ್ರವನ್ನು ಸದ್ದಿಲ್ಲದ ಕೋಣೆಯಲ್ಲಿ ಮೆಚ್ಚಿ ಕೊಳ್ಳಬೇಡಿ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಸಾಧ್ಯವಿದ್ದಲ್ಲಿ ಕೆಲವು ದಿನ ಪರೀಕ್ಷೆಗೆ ಪಡೆದು, ಕುಕ್ಕರು ಕೂಗುವ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ವಾಲಗ ನುಡಿಯುವ ಮದುವೆಮನೆಯಲ್ಲಿ ಧರಿಸಿ ನೋಡಿ. ಕಿವಿಯೊಳಗೆ ತೆಳುನಳಿಕೆಯ ಮೈಕ್ ಇಟ್ಟು, ತಮಟೆಯ ಬಳಿ ಸದ್ದು ನಿಜವಾಗಿ ಎಷ್ಟು ತಲುಪುತ್ತದೆಯೆಂದು ಅಳೆಯುವ ವಿಧಾನವಿದೆ. ಅದನ್ನು ಮಾಡಿಕೊಡಿರೆಂದು ಕೇಳಲು ಸಂಕೋಚಬೇಡ. ಮೊದಲ ದಿನಗಳಲ್ಲಿ ಲೋಕ ಗದ್ದಲದ ಸಂತೆಯೆನಿಸುತ್ತದೆ. ಪತ್ರಿಕೆ ಮಗುಚಿದರೆ ತಗಡು ಬಡಿದಂತೆ. ನನ್ನ ಚಪ್ಪಲಿಯ ಸದ್ದಿಗೆ ನಾನೇ ತಿರುಗಿ ನೋಡಿದ್ದುಂಟು. ವರ್ಷಗಟ್ಟಲೆ ಮರೆತ ಸದ್ದುಗಳನ್ನು ಮಿದುಳು ಮತ್ತೆ ಕಲಿಯಬೇಕು. ಅದಕ್ಕೆ ವಾರಗಳು ಬೇಕು, ತಜ್ಞರ ಬಳಿಗೆ ಎರಡು ಮೂರು ಸಲ ಮರಳಿ ಹೋಗಬೇಕು. ಸಾಸಿವೆ ಸಿಡಿಯುವ ಸದ್ದು ನನಗೆ ಮೂರನೆಯ ವಾರದಲ್ಲಿ ಸಾಸಿವೆಯಂತೆಯೇ ಕೇಳಿಸಿತು. ಮೊಮ್ಮಗಳ ಹೆಸರಿನ ಮೊದಲ ಅಕ್ಷರ 'ಸ'. ಅದನ್ನು ಅವಳೇ ಹೇಳುವಾಗ ಪೂರ್ತಿಯಾಗಿ ಕೇಳಿದೆ.

ಮನೆಯವರಿಗೆ ಒಂದು ಮಾತು. ಯಂತ್ರ ತಂದುಕೊಟ್ಟ ದಿನವೇ ನಿಮ್ಮ ಹೊಣೆ ಮುಗಿಯಲಿಲ್ಲ. ಅಡಿಗೆಮನೆಯಿಂದ ನಡುಮನೆಗೆ ಕೂಗದಿರಿ. ಹತ್ತಿರ ಬನ್ನಿ, ಮುಖ ಕಾಣುವಂತೆ ನಿಂತು, ಸಹಜವಾದ ದನಿಯಲ್ಲಿ, ತುಸು ನಿಧಾನವಾಗಿ ಹೇಳಿ. 'ಏನೂ ಇಲ್ಲ, ಬಿಡಿ' ಎಂಬ ಮಾತನ್ನು ಮಾತ್ರ ಆಡಬೇಡಿ. ಕಿವುಡನಿಗೆ ಅದಕ್ಕಿಂತ ಸ್ಪಷ್ಟವಾಗಿ ಕೇಳಿಸುವ, ಅದಕ್ಕಿಂತ ನೋಯಿಸುವ ಮಾತು ಇನ್ನೊಂದಿಲ್ಲ.

ಇನ್ನು ಕಾಣುವ ಯಂತ್ರದ ನಾಚಿಕೆ. ನನ್ನ ಕಿವಿಯ ಹಿಂದಿನ ಬೂದುಬಣ್ಣದ ತುಣುಕನ್ನು ಕಂಡ ಬಸ್ಸಿನ ಕಂಡಕ್ಟರು, ಬ್ಯಾಂಕಿನ ಗುಮಾಸ್ತೆ ತಾವಾಗಿಯೇ ನನ್ನ ಕಡೆ ಮುಖ ತಿರುಗಿಸಿ ಬಿಡಿಸಿ ಮಾತನಾಡುತ್ತಾರೆ. ಬಾಯಿಬಿಟ್ಟು ನಾನು ಕೇಳಿಕೊಳ್ಳಬೇಕಾಗಿದ್ದುದನ್ನು ಆ ತುಣುಕು ಮೊದಲೇ ಕೇಳಿಕೊಂಡಿರುತ್ತದೆ. ಯಂತ್ರ ಕಂಡರೆ ಜನ ಒಂದು ಕ್ಷಣ ನೋಡಿ ಮರೆಯುತ್ತಾರೆ. ಕಿವುಡು ಮಾತ್ರ, ಯಂತ್ರವಿಲ್ಲದಿದ್ದರೆ, ಪ್ರತಿ ಮಾತಿಗೂ ಕಾಣುತ್ತದೆ. ಆದ್ದರಿಂದ ಕನ್ನಡಿಯ ಮುಂದೆ ನಿಂತು ಯಂತ್ರವನ್ನು ಆರಿಸಬೇಡಿ. ನಿಮ್ಮೊಡನೆ ಮಾತನಾಡಬಯಸುವವರ ಮುಂದೆ ಕುಳಿತು ಆರಿಸಿ. ಅವರ ಮಾತು ಯಾವುದರಿಂದ ತಿಳಿಯುತ್ತದೆಯೋ, ಯಾವುದನ್ನು ಬೆಳಗಿನಿಂದ ರಾತ್ರಿಯವರೆಗೆ ನೀವೇ ಹಾಕಿ ತೆಗೆದು ಬಳಸಬಲ್ಲಿರೋ, ಅದು ನಿಮ್ಮ ಯಂತ್ರ.